ಮಣಿಕಟ್ಟಿನ ಮೂರು ಗೆರೆ

ಟ್ರೇ ಚಾಚಿದ ಕೈಯ ಮೇಲೆ ಬೇಕರಿಯಮ್ಮನ ಕಣ್ಣು ನೆಟ್ಟಿತು. ಮಣಿಕಟ್ಟಿನ ಒಳಭಾಗದಲ್ಲಿ, ಮೆತ್ತಿದ ಹಿಟ್ಟಿನ ಅಡಿಯಲ್ಲಿ, ಮೂರು ಸುಟ್ಟ ಗೆರೆ. ಒಂದರ ಕೆಳಗೊಂದು, ಅಳತೆಪಟ್ಟಿ ಇಟ್ಟು ಎಳೆದ ಹಾಗೆ.

ಒಂಬತ್ತು ವರ್ಷದಿಂದ ಅವಳು ಹುಡುಕುತ್ತಿದ್ದದ್ದು ಇದನ್ನೇ.

"ಯಾಕಮ್ಮಾ ಹಾಗೆ ನೋಡ್ತೀರಾ? ಬನ್ನು ಸೀದು ಹೋಗಿದ್ಯಾ?" ಎಂದಳು ಟ್ರೇ ಹಿಡಿದ ಹುಡುಗಿ.

"ಇಲ್ಲ ಕಣೇ. ಚೆನ್ನಾಗಿ ಬೆಂದಿದೆ."

ಗಿರಾಕಿಗೆ ಪೊಟ್ಟಣ ಕಟ್ಟಿಕೊಟ್ಟಳು. ನಗಲೂ ನಕ್ಕಳು. ಕಣ್ಣು ಮಾತ್ರ ಆ ಕೈಯನ್ನು ಬಿಡಲಿಲ್ಲ.

ಊರಿಗೆಲ್ಲ ಅವಳು ಮಹಾತಾಯಿ. ಮನೆಯಿಲ್ಲದ ಹರೆಯದ ಮಕ್ಕಳಿಗಾಗಿ ದುಡಿಯುವ ಸಂಸ್ಥೆಯೊಂದು ಆರು ತಿಂಗಳಿಗೊಮ್ಮೆ ಐದು ಮಂದಿಯನ್ನು ಅವಳ ಬೇಕರಿಗೆ ಕಳಿಸುತ್ತಿತ್ತು. ಬಸ್ ನಿಲ್ದಾಣದಲ್ಲೋ ಸೇತುವೆಯ ಕೆಳಗೋ ಮಲಗಿ ಬೆಳೆದವರು. ಬೇಕರಿ ಅವರಿಗೆ ಕೆಲಸ ಕಲಿಸಿ, ಮಹಡಿಯಲ್ಲಿ ಕೋಣೆ ಕೊಡುತ್ತಿತ್ತು, ಸಂಸ್ಥೆ ಓದಿಸುತ್ತಿತ್ತು. ಬಂದ ದಿನವೇ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ಮೊಳಕೈವರೆಗೆ ತೊಳೆಸಿ, ಬೇಕರಿಯಮ್ಮ ಒಂದೊಂದೇ ಕೈ ತಿರುಗಿಸಿ ನೋಡುತ್ತಿದ್ದಳು. "ಎಷ್ಟೊಂದು ಶುಚಿ ನಿಮ್ಮದು!" ಎಂದು ಸಂಸ್ಥೆಯ ಮೇಡಂ ಬಾಯ್ತುಂಬ ಹೊಗಳುತ್ತಿದ್ದರು. ಶುಚಿಯಂತೆ, ಶುಚಿ! ಅವಳಿಗೆ ಬೇಕಾಗಿದ್ದದ್ದು ಒಂದೇ ಒಂದು ಕೈ.

ಒಂಬತ್ತು ವರ್ಷದ ಹಿಂದಿನ ಮಾತು. ಹೊಸ ಭಟ್ಟಿ ಬಂದು ಇನ್ನೂ ಹದಿನೈದು ದಿನ ಆಗಿರಲಿಲ್ಲ. ಒಂದು ಮಧ್ಯಾಹ್ನ ಹಿಟ್ಟಿನ ಕೋಣೆಗೆ ಬೆಂಕಿ ಬಿತ್ತು. ಒಳಗೆ ಗಂಡ. ಕೌಂಟರಿನಿಂದ ಓಡಿ ಬಂದವಳಿಗೆ ಹೊಗೆಯಲ್ಲಿ ಕಂಡದ್ದು ಇಷ್ಟೇ: ಹೊರಗಿನಿಂದ ಚಿಲಕ ಹಾಕುತ್ತಿದ್ದ ಒಂದು ಬರಿಗೈ, ಅದರ ಮಣಿಕಟ್ಟಿನಲ್ಲಿ ಮೂರು ಗೆರೆ. ಆಮೇಲೆ ಕಣ್ಣು ಕತ್ತಲಿಟ್ಟಿತು.

ಎಚ್ಚರವಾದಾಗ ಅವಳ ತಲೆ ತಮ್ಮನ ತೊಡೆಯ ಮೇಲಿತ್ತು. ಅವಳನ್ನು ಹೊರಗೆಳೆದ ಕೈಗಳಿಗೆ ಬಟ್ಟೆ ಸುತ್ತಿಕೊಂಡು ಅವನು ಗೊಳೋ ಎಂದು ಅಳುತ್ತಿದ್ದ. "ಹಿತ್ತಲಲ್ಲಿ ಮಲಗ್ತಿದ್ವಲ್ಲಕ್ಕಾ ಬೀದಿ ಮಕ್ಕಳು, ಭಾವ ಬೈದು ಓಡಿಸಿದ್ರಲ್ಲ, ಅವ್ರದ್ದೇ ಕೆಲಸ."

ಪೊಲೀಸರು ನಾಲ್ಕು ದಿನ ಓಡಾಡಿ ಸುಮ್ಮನಾದರು. ಗೆರೆಗಳ ವಿಷಯವನ್ನು ಅವಳು ಹೇಳಿದ್ದು ತಮ್ಮನೊಬ್ಬನಿಗೆ. "ಯಾರ ಹತ್ರಾನೂ ಬಾಯಿ ಬಿಡ್ಬೇಡ. ಗೊತ್ತಾದ್ರೆ ತಪ್ಪಿಸ್ಕೋತಾರೆ," ಎಂದಿದ್ದ. ಅದೂ ನಿಜವೇ ಅನ್ನಿಸಿತ್ತು.

ಅವನಿಲ್ಲದಿದ್ದರೆ ಅವಳು ಗಂಡನ ಜೊತೆ ಅಂದೇ ಮಣ್ಣು ಸೇರುತ್ತಿದ್ದಳು. ಭಾವನಿಗೂ ಅವನಿಗೂ ಅಷ್ಟಕ್ಕಷ್ಟೆ. "ಮುಂದಿನ ತಿಂಗಳಿಂದ ನಿನ್ನ ದಾರಿ ನೀನು ನೋಡ್ಕೋ" ಎಂದು ಗಂಡ ಹೇಳಿಯೂ ಆಗಿತ್ತು. ಹಾಗಿದ್ದೂ ತಮ್ಮ ಬೇಕರಿಗೆ ಹೆಗಲು ಕೊಟ್ಟ. ಬೆಂಕಿಯೆಂದರೆ ಅವಳಿಗೆ ಎದೆ ಝಲ್ಲೆನ್ನುತ್ತಿತ್ತು. ಭಟ್ಟಿಯ ಮನೆಗೆ ಕಾಲಿಟ್ಟವಳೇ ಅಲ್ಲ. ಆ ಭಟ್ಟಿ ಬಂದ ದಿನದಿಂದಲೂ ಅಲ್ಲಿ ಅವನೇ ಎಲ್ಲ. "ಮಕ್ಕಳು ಹಿಟ್ಟು ನಾದಲಿ ಸಾಕು. ಕೈ ಸುಟ್ಕೊಂಡ್ರೆ ಸಂಸ್ಥೆಗೆ ಏನು ಹೇಳ್ತೀಯ?" ಎನ್ನುತ್ತಿದ್ದ. ಬೆವರು ಧಾರೆಯಾಗಿ ಇಳಿದರೂ ತುಂಬುತೋಳಿನ ಅಂಗಿಯ ಗುಂಡಿ ಬಿಚ್ಚುತ್ತಿರಲಿಲ್ಲ. ಮಕ್ಕಳು ಅವನನ್ನು ಮದುಮಗ ಎಂದು ರೇಗಿಸುತ್ತಿದ್ದರು. ಅಕ್ಕನಿಗಾಗಿ ಸುಟ್ಟುಕೊಂಡ ಕೈ, ಪಾಪ, ತೋರಿಸಲು ಸಂಕೋಚ.

ಈ ಸಲದ ತಂಡ ಬಂದ ದಿನ ಬೇಕರಿಯಮ್ಮ ಊರಲ್ಲಿರಲಿಲ್ಲ; ಸಂಸ್ಥೆಯವರೇ ಏರ್ಪಡಿಸಿದ್ದ ಸನ್ಮಾನಕ್ಕೆ ಹೋಗಿದ್ದಳು. ಕೈ ನೋಡುವುದು ತಪ್ಪಿತ್ತು. ಈ ಹುಡುಗಿಯನ್ನು ಎಲ್ಲರೂ ಇರುವೆ ಎನ್ನುತ್ತಿದ್ದರು. ಮುಷ್ಟಿಯಷ್ಟು ದೇಹ, ಎತ್ತುವುದು ಮೂಟೆ. ವಯಸ್ಸು ಇಪ್ಪತ್ತೆರಡು. ಮೊನ್ನೆ ತಾನಾಗಿಯೇ ಹೇಳಿದ್ದಳು: "ಚಿಕ್ಕೋಳಿದ್ದಾಗ ನಿಮ್ಮ ಹಿತ್ತಲಲ್ಲೇ ಮಲಗ್ತಿದ್ದೆ ಅಮ್ಮಾ. ಗೋಡೆ ಬೆಚ್ಚಗಿರ್ತಿತ್ತು."

ಹುಡುಗನ ಕೈಯೆಂದು ಹೇಳಿದವರಾದರೂ ಯಾರು? ಅವಳು ಕಂಡಿದ್ದು ಕೈ ಮಾತ್ರ. ಅಯ್ಯೋ, ತನ್ನ ಕೈಯಾರೆ ಹಾಸಿಗೆ ಹಾಸಿಕೊಟ್ಟಿದ್ದಳಲ್ಲ ಈ ಪಾಪಿಗೆ!

ಮಧ್ಯಾಹ್ನ ಗಿರಾಕಿಗಳು ಕರಗಿದರು. ಒಂಬತ್ತು ವರ್ಷದಿಂದ ಕಡ್ಡಿ ಗೀರದವಳು ಬೆಂಕಿಪೊಟ್ಟಣವನ್ನು ಮುಷ್ಟಿಯಲ್ಲಿ ಹಿಡಿದು ಹಿಟ್ಟಿನ ಕೋಣೆಯ ಬಾಗಿಲಲ್ಲಿ ನಿಂತಳು.

"ಇರುವೇ, ಇಲ್ಲಿ ಬಾ. ಒಳಗೆ ಒಂದು ಮೂಟೆ ಎತ್ತಬೇಕು."

ಹುಡುಗಿ ಚಂಗನೆ ಒಳಗೆ ಹೋದಳು. ಬೇಕರಿಯಮ್ಮ ಹೊಸ್ತಿಲಾಚೆಯೇ ಉಳಿದು ಚಿಲಕದ ಮೇಲೆ ಕೈಯಿಟ್ಟಳು. ಆದರೆ ಯಾಕೆಂದು ಒಂದು ಸಲ ಕೇಳದೆ ಬಾಗಿಲು ಹಾಕಿದರೆ ಹೊಟ್ಟೆಯ ಉರಿ ಆರುವುದಿಲ್ಲ.

"ಆ ಗೆರೆ ಹೇಗೆ ಬಂತು? ನಿಜ ಹೇಳು."

ಹುಡುಗಿ ಪೆಚ್ಚಾದಳು. ಹಿಟ್ಟನ್ನು ಬಟ್ಟೆಗೆ ಒರೆಸಿ ಕೈ ಚಾಚಿದಳು. ಗೆರೆಗಳು ಕೆಂಪಗಿದ್ದವು. ಅಂಚಿನಲ್ಲಿ ಇನ್ನೂ ಸಿಪ್ಪೆ ಏಳುತ್ತಿತ್ತು.

"ಬೈಬೇಡಿ ಅಮ್ಮಾ. ಹೋದ ವಾರ ಭಟ್ಟಿ ಅಣ್ಣ ಜ್ವರ ಅಂತ ಮೂರು ದಿನ ಮಲಗಿದ್ರಲ್ಲ, ಬ್ರೆಡ್ಡು ನಿಲ್ಬಾರ್ದು ಅಂತ ಭಟ್ಟಿ ನಾನೇ ನೋಡ್ಕೊಂಡೆ. ಎಡಮೂಲೆ ಟ್ರೇಗೆ ಕೈ ತೂರಿಸಿದ್ರೆ ಬಾಯಲ್ಲಿರೋ ಮೂರು ಸರಳು ಸರಿಯಾಗಿ ಇಲ್ಲಿಗೇ ತಾಗುತ್ತೆ. ಆ ಭಟ್ಟಿ ನೋಡ್ಕೊಳ್ಳೋರು ಯಾರೇ ಆಗ್ಲಿ, ತಪ್ಪಿಸ್ಕೊಳ್ಳೋಕಾಗಲ್ಲ."

ಬೇಕರಿಯಮ್ಮ ಚಿಲಕದ ಮೇಲಿಂದ ಕೈ ತೆಗೆದಳು. ಆ ಪುಟ್ಟ ಕೈ ಹಿಡಿದು ಹುಡುಗಿಯನ್ನು ಹೊರಗೆ ಕರೆತಂದಳು.

"ಮುಲಾಮು ಹಚ್ಕೋ ಮಗಳೇ. ಮಿಕ್ಕವರನ್ನೂ ಕರ್ಕೊಂಡು ಸಂಸ್ಥೆಗೆ ಹೋಗಿರಿ. ನಾಳೆವರೆಗೂ ಈ ಕಡೆ ಬರ್ಬೇಡಿ."

ಮಹಡಿ ಖಾಲಿಯಾಗುವವರೆಗೆ ಕಾದಳು. ಐದೂ ಮಂದಿ ಬೀದಿಯ ತಿರುವು ದಾಟಿದ್ದನ್ನು ಕಣ್ಣಾರೆ ಕಂಡು ಮುಂಬಾಗಿಲು ಹಾಕಿದಳು.

ಮತ್ತೆ ಹಿಟ್ಟಿನ ಕೋಣೆಯ ಮುಂದೆ ಬಂದು, ಚಿಲಕ ಸಲೀಸಾಗಿ ಸರಿಯುತ್ತದೆಯೇ ಎಂದು ಎರಡು ಸಲ ಎಳೆದು ನೋಡಿ, ಭಟ್ಟಿಯ ಕಡೆಗೆ ತಿರುಗಿ ಅಕ್ಕರೆಯಿಂದ ಕೂಗಿದಳು: "ತಮ್ಮಾ, ತೋಳು ಮಡಚ್ಕೊಂಡು ಬಾರೋ, ಒಂದು ಮೂಟೆ ಎತ್ತಬೇಕು."