ಏಲದ ಹೊತ್ತಿನ ಕಣ್ಣು

"ಕಣ್ಣು ಬಿಡಿ ಅಮ್ಮಾ!" ಎಂದು ನರ್ಸ್ ಕ್ಲಾರಾ ಮತ್ತೆ ಗದರಿದಳು. ಅವಳ ಕೈಯಲ್ಲಿ ಪೈಲೊಕಾರ್ಪಿನ್ ಹನಿಯ ಬಾಟಲಿಯಿತ್ತು. ಮಲ್ಪೆಯಲ್ಲಿ ಮೀನು ಮಾರುವ ಗುಲಾಬಿ ರೆಪ್ಪೆಗಳನ್ನು ಬಿಗಿಯಾಗಿ ಮುಚ್ಚಿ ಕೂತಿದ್ದಳು. ಮನೆಯಲ್ಲಿ ಅವಳು ಔಷಧ ಹಾಕಿಕೊಳ್ಳುವುದನ್ನೇ ನಿಲ್ಲಿಸಿದ್ದಳು. ಕಣ್ಣಿನೊಳಗಿನ ಒತ್ತಡ ಪುನಃ ಏರಿತ್ತು.

"ಹೀಗೆ ಮಾಡಿದರೆ ಕುರುಡಾಗುತ್ತೀರಿ. ಎಷ್ಟು ಸಲ ಹೇಳುವುದು?"

"ಹಾಕಿದರೆ ಈಗಲೇ ಕುರುಡು ಸಿಸ್ಟರೇ. ಬೆಳಕು ಹರಿಯುವ ಮೊದಲೇ ಬಂದರಿನಲ್ಲಿ ಮೀನಿನ ಏಲ, ಹರಾಜು ಕೂಗುವುದು ಉಂಟಲ್ವಾ? ಎಲ್ಲ ಮಬ್ಬು. ಮೊನ್ನೆ ಒಂದು ದಿನ ಹನಿ ಹಾಕಿ ಹೋದದ್ದಕ್ಕೆ ಗೊತ್ತಾಗದೆ ಹಾಳಾದ ಬಂಗುಡೆ ತಂದು ಬುಟ್ಟಿಯಷ್ಟೂ ಚೆಲ್ಲಿದೆ."

ಕ್ಲಾರಾಳ ಕೈ ನಿಂತಿತು. ಈ ಔಷಧ ಕಣ್ಣಿನ ಪಾಪೆಯನ್ನು ಕಿರಿದು ಮಾಡುತ್ತದೆ, ಕತ್ತಲಲ್ಲಿ ನೋಟ ಮಂಕಾಗುತ್ತದೆ, ರಾತ್ರಿ ವಾಹನ ಓಡಿಸಬಾರದೆಂದು ರೋಗಿಗೆ ತಿಳಿಸಬೇಕು ಎಂದು ಅವಳು ಪರೀಕ್ಷೆಗೆ ಬಾಯಿಪಾಠ ಮಾಡಿದ್ದಳು. ಗುಲಾಬಿಗೆ ಯಾವ ವಾಹನ ಎಂದುಕೊಂಡು ಆ ಮಾತನ್ನೇ ಬಿಟ್ಟಿದ್ದಳು. ಈಗ ಸಿಟ್ಟು ತನ್ನ ಮೇಲೆಯೇ ತಿರುಗಿತು. ಆದರೂ ಹನಿ ಹಾಕದೆ ಗತಿಯಿರಲಿಲ್ಲ.

"ಏಲಕ್ಕೆ ನಿಮ್ಮ ಜೊತೆ ಯಾರು ಬರುತ್ತಾರೆ?"

"ಸೊಸೆ. ಅವಳಿಗೆ ಎಂತ ಗೊತ್ತುಂಟು? ಮೀನು ತಾಜಾವಾ ಅಂತ ಕಿವಿರಿನ ಕೆಂಪು ನೋಡಲಿಕ್ಕೂ ಬರುವುದಿಲ್ಲ."

"ಕಲಿಸಿ. ಕಣ್ಣಿರುವಾಗಲೇ ಕಲಿಸಿ."

"ನಿಮಗೆ ಹೇಳಲಿಕ್ಕೆ ಸುಲಭ," ಎಂದು ಗುಲಾಬಿ ಗೊಣಗಿದಳು. ಆಮೇಲೆ ತಲೆಯನ್ನು ಹಿಂದಕ್ಕೆ ವಾಲಿಸಿ, ತಾನೇ ಬೆರಳಿನಿಂದ ಕೆಳರೆಪ್ಪೆಯನ್ನು ಎಳೆದು ಹಿಡಿದಳು.