ಡೇಟ್ ಬರೆದ ಚೀಟಿ

"ಅಕ್ಕಾ, ಡಾಕ್ಟರಮ್ಮ ಡೇಟ್ ಬರೆದು ಕೊಟ್ಟಾರ. ಯಾವತ್ತಂತ ಓದಿ ಹೇಳು," ಎಂದು ಆದೆಮ್ಮ ರಾಯಚೂರಿನ ಆಸ್ಪತ್ರೆಯಿಂದ ತಂದ ಚೀಟಿಯನ್ನು ಹಿರಿಯ ಓರಗಿತ್ತಿ ಮಲ್ಲೇಶ್ವರಿಯ ಕೈಗಿಟ್ಟಳು. ದೇವದುರ್ಗದ ಆ ಮನೆಯಲ್ಲಿ ಇಂಗ್ಲಿಷ್ ಓದಬಲ್ಲವಳು ಮಲ್ಲೇಶ್ವರಿ ಒಬ್ಬಳೇ.

ಅವಳಿಗೆ 'ಡೇಟ್' ಎಂಬ ಮಾತು ಹೊಸದಲ್ಲ. ಹನ್ನೊಂದು ವರ್ಷದಿಂದ ಅತ್ತೆ ತಿಂಗಳು ತಿಂಗಳೂ "ಡೇಟ್ ಆತೇನು?" ಎಂದು ಕೇಳುತ್ತಿದ್ದಳು. ಮುಟ್ಟಿಗೆ ಆ ಮನೆಯಲ್ಲಿ ಹಾಗೇ ಅನ್ನುತ್ತಿದ್ದರು. ಹೂಂ ಎಂದರೆ ಅತ್ತೆ ಮುಖ ತಿರುಗಿಸಿಕೊಂಡು ಹೋಗುತ್ತಿದ್ದಳು. ನಿನ್ನೆ ಮೊನ್ನೆ ಮದುವೆಯಾಗಿ ಬಂದ ಆದೆಮ್ಮನ ಬಾಯಲ್ಲಿ ಅದೇ ಮಾತು ಹೆರಿಗೆಯ ದಿನವಾಗಿತ್ತು. ಮಲ್ಲೇಶ್ವರಿ ಚೀಟಿ ಬಿಚ್ಚಿದಳು. ಅದರಲ್ಲಿ ದಿನಾಂಕ ಸ್ಪಷ್ಟವಾಗಿಯೇ ಇತ್ತು.

"ಇದರಾಗ ಯಾವ ಡೇಟೂ ಇಲ್ಲ," ಎಂದು ಮಡಚಿ ಕೊಟ್ಟಳು.

ಆದೆಮ್ಮನ ಕೈ ತಟ್ಟನೆ ಹೊಟ್ಟೆಯ ಮೇಲೆ ಹೋಯಿತು. "ಯಾಕಕ್ಕಾ? ಕೂಸು ಉಳಿಯಂಗಿಲ್ಲಂತೇನು?" ಎಂದಳು.

ಮಲ್ಲೇಶ್ವರಿ ಚೀಟಿಯನ್ನು ಕಿತ್ತುಕೊಂಡು ಮತ್ತೆ ಬಿಚ್ಚಿದಳು.

"ನಾ ಸುಳ್ಳು ಹೇಳಿದ್ನೆವ್ವಾ. ಹೊಟ್ಟಿಕಿಚ್ಚಿಗೆ ಹೇಳಿದೆ. ಇಲ್ಲೇ ಅದ ನೋಡು, ಆಗಸ್ಟ್ ಹದಿನೇಳು," ಎಂದು ಆದೆಮ್ಮನ ಬೆರಳನ್ನು ಹಿಡಿದು ಆ ಅಕ್ಷರಗಳ ಮೇಲಿಟ್ಟಳು.