ಇಪ್ಪತ್ತೈದು ಕಿಲೋಮೀಟರಿಗೆ ಒಂದು ದಿನ

“ನನ್ನ ಪಾಸ್‌ಪೋರ್ಟ್ ನಿಮ್ಮ ಕಪಾಟಿನಲ್ಲಿ ಎಂತಕ್ಕೆ ಸರ್? ನಾನು ಯಾವಾಗ ನಿಮ್ಮ ಕಂಪನಿಗೆ ಸೇರಿದ್ದು?”

ಕೊಲ್ಲಿ ದೇಶದ ವಾದಿ ಅದಾಯ್‌ನ ಪಂಪು ಕಂಪನಿಯ ಆಫೀಸಿನಲ್ಲಿ ವಿನೋದಾ ಹೀಗೆ ಕೇಳಿದಾಗ ಮ್ಯಾನೇಜರ್ ಬಾಲಸುಬ್ರಹ್ಮಣ್ಯ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವಳ ಗಂಡ ಭೋಜರಾಜ ಬಾಗಿಲ ಹತ್ತಿರವೇ ನಿಂತಿದ್ದ. ಅವನು ಅಲ್ಲಿ ಹನ್ನೊಂದು ವರ್ಷದಿಂದ ಸ್ಟೋರ್‌ಕೀಪರ್.

“ಅದು ಕಂಪನಿ ರೂಲ್ ಅಮ್ಮಾ. ವೀಸಾ ಮಾಡಿಸಿರೋದು ಕಂಪನಿ. ಗಂಡಂದೂ ಹೆಂಡ್ತೀದೂ ಎರಡೂ ನಮ್ಮ ಹತ್ರಾನೇ ಇರತ್ತೆ. ಊರಿಗೆ ಹೋಗೋವಾಗ ಏರ್‌ಪೋರ್ಟಲ್ಲಿ ಕೊಡ್ತೀವಲ್ಲ?”

“ಈ ಸಲ ಊರಿಗಲ್ಲ ಸರ್, ಹಾಲೆಂಡಿಗೆ” ಎಂದ ಭೋಜರಾಜ, ತಪ್ಪೊಪ್ಪಿಕೊಳ್ಳುವವನ ಹಾಗೆ.

ರುಸೈಲ್‌ನ ಕಾರ್ಖಾನೆಗೆ ಪಂಪು ಜೋಡಿಸಲು ಯಾನ್ ಎಂಬ ಡಚ್ ಎಂಜಿನಿಯರ್ ಬಂದಿದ್ದ. ಮೂರು ಬೇಸಿಗೆ ಭೋಜರಾಜ ಅವನ ಜೊತೆ ಬೆವರು ಸುರಿಸಿದ್ದ. ಊರಿಗೆ ಮರಳಿದ ಯಾನ್ ಮರೆಯಲಿಲ್ಲ. ಲೈಡನ್‌ನಲ್ಲಿ ನನ್ನ ಮನೆ ಇದೆ, ಹಳೆಯ ಕಾರಿದೆ, ಹೆಂಡತಿಯನ್ನು ಕರೆದುಕೊಂಡು ಬಾ ಎಂದು ಕಾಗದ ಬರೆದ. ಅಂದಿನಿಂದ ಎರಡು ತಿಂಗಳು ಗಂಡ ಹೆಂಡತಿಗೆ ಬೇರೆ ಮಾತಿರಲಿಲ್ಲ. ಲೈಡನ್‌ನಿಂದ ಡೆಲ್ಫ್ಟ್‌ಗೆ ಇಪ್ಪತ್ತೈದು ಕಿಲೋಮೀಟರ್, ದೊಡ್ಡ ಹೆದ್ದಾರಿ ಬೇಡ, ಕಾಲುವೆಯ ಪಕ್ಕದ ಸಣ್ಣ ರಸ್ತೆಯಲ್ಲಿ ಹೋಗಿ ಎಂದು ಯಾನ್ ನಕಾಶೆಯಲ್ಲಿ ಗೆರೆ ಎಳೆದು ಕಳಿಸಿದ್ದ. ಬೆಳಿಗ್ಗೆ ಲೈಡನ್‌ನ ಹಳೇ ವಿಶ್ವವಿದ್ಯಾಲಯದ ಹೂತೋಟ, ಮಧ್ಯಾಹ್ನ ದಾರಿಯ ಯಾವುದಾದರೂ ಹಳ್ಳಿಯಲ್ಲಿ ಊಟ, ಸಂಜೆ ಡೆಲ್ಫ್ಟ್‌ನ ಚೌಕದಲ್ಲಿ ಕಾಫಿ, ನೀಲಿ ಚಿತ್ರದ ಪಿಂಗಾಣಿ ಅಂಗಡಿ ಎಂದೆಲ್ಲ ವಿನೋದಾ ಒಂದು ಹಾಳೆಯಲ್ಲಿ ಬರೆದಿಟ್ಟಿದ್ದಳು. ರಜೆಯೂ ಮಂಜೂರಾಗಿತ್ತು. ವೀಸಾ ಅರ್ಜಿಗೆ ಇನ್ನು ಪಾಸ್‌ಪೋರ್ಟ್ ಒಂದೇ ಬೇಕಿತ್ತು.

ವಿನೋದಾ ಮೇಜಿನ ಮೇಲಿಟ್ಟ ಆ ಹಾಳೆಯನ್ನು ಬಾಲಸುಬ್ರಹ್ಮಣ್ಯ ಎತ್ತಿಕೊಂಡು ಓದಿದರು. ಓದುತ್ತ ನಕ್ಕರು.

“ಇಪ್ಪತ್ತೈದು ಕಿಲೋಮೀಟರ್! ಇಲ್ಲಿಂದ ಸೀಬ್ ದಾಟೋದರೊಳಗೆ ಮುಗಿಯೋ ದಾರಿ. ಇದಕ್ಕೆ ಇಡೀ ದಿನವಾ?”

“ಅವಸರ ಇಲ್ಲದೆ ಹೋಗುವುದೇ ನಮ್ಮ ಪ್ಲಾನ್ ಸರ್. ಹನ್ನೊಂದು ವರ್ಷ ಇವರು ಅವಸರದಲ್ಲಿ ಓಡಿದ್ದು ಸಾಕು.”

ಅವರ ನಗು ನಿಂತಿತು. “ನೋಡಿಮ್ಮಾ, ನಮ್ಮ ಎಂಜಿನಿಯರುಗಳೇ ಇಲ್ಲೇ ಇರೋ ಸಲಾಲಾ ನೋಡ್ಕೊಂಡು ಸುಮ್ಮನಾಗ್ತಾರೆ. ಸ್ಟೋರ್‌ಕೀಪರ್ ಹಾಲೆಂಡ್ ಸುತ್ತಿ ಬಂದ ಅಂದ್ರೆ ನಾಳೆ ಅವರಿಗೆಲ್ಲ ನಾನೇನು ಹೇಳಲಿ? ಅಲ್ಲೇ ಯಾನ್ ಹತ್ರ ಕೆಲಸ ಹಿಡಿದು ಉಳ್ಕೊಂಡ್ರೆ ವೀಸಾಕ್ಕೆ ಜಾಮೀನು ನಿಂತಿರೋ ಅರಬ್ ಮಾಲೀಕನಿಗೆ, ಕಫೀಲ್‌ಗೆ, ಯಾರು ಉತ್ತರ ಕೊಡೋದು? ಊರಿಗೆ ಹೋಗಿ ಬನ್ನಿ. ಖಲಾಸ್.”

“ನಮ್ಮನ್ನು ಕಳ್ಳರು ಅನ್ನುವ ಹಾಗೆ ಮಾತಾಡ್ತೀರಲ್ಲ!” ವಿನೋದಾಳ ಸ್ವರ ಏರಿತು. ಪಕ್ಕದ ಕೋಣೆಯಲ್ಲಿ ಟೈಪ್‌ರೈಟರ್ ನಿಂತಿತು. “ಇವರ ಕೈಯಲ್ಲಿ ಸ್ಟೋರಿನ ಬೀಗದ ಕೈ ಕೊಟ್ಟು ಇಷ್ಟು ವರ್ಷ ನೆಮ್ಮದಿಯಲ್ಲಿ ನಿದ್ದೆ ಮಾಡಿದಿರಲ್ಲ, ಆಗ ನಂಬಿಕೆ ಇತ್ತಲ್ಲ? ಇವರದ್ದು ಬಿಡಿ. ನಾನು ನಿಮ್ಮ ನೌಕರಳಲ್ಲ. ನನ್ನದು ಈಗಲೇ ಕೊಡಿ. ಕೊಡದಿದ್ದರೆ ಇಲ್ಲಿಂದ ಸೀದಾ ಇಂಡಿಯನ್ ಎಂಬೆಸಿಗೆ ಹೋಗ್ತೇನೆ.”

ಎಂಬೆಸಿ ಎಂಬ ಮಾತಿಗೆ ಮ್ಯಾನೇಜರರ ಮುಖ ಕೆಂಪಾಯಿತು. ಎದ್ದು ಕಪಾಟು ತೆರೆದರು. ರಬ್ಬರ್ ಬ್ಯಾಂಡ್ ಹಾಕಿದ ಕಟ್ಟಿನಿಂದ ಒಂದನ್ನು ಎಳೆದು ಮೇಜಿನ ಮೇಲೆ ಎಸೆದರು. ಅದು ಜಾರಿ ನೆಲಕ್ಕೆ ಬಿತ್ತು. ವಿನೋದಾ ಬಗ್ಗುವ ಮೊದಲೇ ಭೋಜರಾಜ ಓಡಿ ಬಂದು ಹೆಕ್ಕಿಕೊಂಡ.

“ಥ್ಯಾಂಕ್ಸ್ ಸರ್” ಎಂದ.

ಹೊರಗೆ ಕಾರಿನ ಸೀಟು ಕೆಂಡದ ಹಾಗೆ ಸುಡುತ್ತಿತ್ತು. ಭೋಜರಾಜ ಎಂಜಿನ್ ಚಾಲೂ ಮಾಡಿದ. ವಿನೋದಾ ಅವನ ಕಡೆ ತಿರುಗಿದಳು.

“ನನ್ನದನ್ನು ನೆಲಕ್ಕೆ ಬಿಸಾಡಿದ್ದಕ್ಕೆ ಥ್ಯಾಂಕ್ಸಾ? ಅವರು ಬೈದದ್ದಕ್ಕೆ ನನಗೆ ಬೇಜಾರಿಲ್ಲ ಮಾರಾಯ್ರೆ. ನೀವು ಹೆಕ್ಕಿದ ರೀತಿ ನೋಡಿ ಹೊಟ್ಟೆ ಉರೀತಾ ಉಂಟು.”

ಭೋಜರಾಜ ಸ್ಟೇರಿಂಗ್ ಹಿಡಿದು ಕುಳಿತಿದ್ದ. ಅಭ್ಯಾಸವಾಗಿಬಿಟ್ಟಿದೆ ಎಂದು ಹೇಳಬೇಕೆಂದಿದ್ದ, ಹೇಳಲು ನಾಚಿಕೆಯಾಯಿತು. ಎಂಜಿನ್ ಆರಿಸಿ ಇಳಿದ. ಬಾಗಿಲು ಹಾಕುವುದನ್ನೂ ಮರೆತು ಆಫೀಸಿನ ಕಡೆ ನಡೆದ.

ವಿನೋದಾ ಹಿಂದೆ ಹೋಗಿ ಗಾಜಿನ ಬಾಗಿಲಿನ ಹೊರಗೇ ನಿಂತಳು. ಒಳಗೆ ಗಂಡ ಮ್ಯಾನೇಜರರ ಎದುರಿನ ಕುರ್ಚಿ ಎಳೆದು ಕುಳಿತದ್ದು ಕಾಣಿಸಿತು. ಹನ್ನೊಂದು ವರ್ಷದಲ್ಲಿ ಆ ಕೋಣೆಯಲ್ಲಿ ಅವನು ಕುಳಿತದ್ದು ಅದೇ ಮೊದಲು. ಬಾಲಸುಬ್ರಹ್ಮಣ್ಯ ಕೈ ಬೀಸಿ ಮಾತಾಡಿದರು. ಅವನು ಏಳಲಿಲ್ಲ. ಫೋನು ಎತ್ತಿದರು, ಇಟ್ಟರು. ಮಧ್ಯಾಹ್ನ ಒಂದು ಗಂಟೆಗೆ ಎಲ್ಲರೂ ಊಟಕ್ಕೆ ಎದ್ದರು; ಮ್ಯಾನೇಜರೂ ಎದ್ದು ನಿಂತರು. ಅವನು ಕುಳಿತೇ ಇದ್ದ. ಅವನನ್ನು ಒಳಗೆ ಬಿಟ್ಟು ಬೀಗ ಹಾಕಿಕೊಂಡು ಹೋಗುವಂತಿರಲಿಲ್ಲ. ಕಡೆಗೆ ಕಪಾಟು ಮತ್ತೆ ತೆರೆಯಿತು.

ಭೋಜರಾಜ ಹೊರಗೆ ಬಂದಾಗ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಅವನ ಪಾಸ್‌ಪೋರ್ಟ್ ಕೈಯಲ್ಲಿತ್ತು.

“ತಿರುಗಿ ಬಂದಾಗ ಕೆಲಸ ಇರ್ತದೆ ಅಂತ ಹೇಳ್ಲಿಕ್ಕಾಗುದಿಲ್ಲ, ಅಂದ್ರು” ಎಂದ.

“ನೀವು ಎಂತ ಹೇಳಿದ್ರಿ?”

“ಪಾಸ್‌ಪೋರ್ಟ್ ಕೈಗೆ ತಕ್ಕೊಂಡೆ. ಆಮೇಲೆ ರಸೀದಿ ಪುಸ್ತಕ ಮುಂದಿಟ್ಟು, ಸಿಕ್ಕಿದೆ ಅಂತ ಸಹಿ ಹಾಕು ಅಂದ್ರು. ಪ್ರತಿ ಸಲ ಊರಿಂದ ಬಂದ ಕೂಡಲೇ ಏರ್‌ಪೋರ್ಟಲ್ಲೇ ನನ್ನ ಕೈಯಿಂದ ತೆಗೆದುಕೊಂಡಿರಲ್ಲ ಸರ್, ಒಂದು ಸಲವಾದರೂ ನನಗೆ ರಸೀದಿ ಕೊಟ್ಟಿದ್ರಾ ಅಂತ ಕೇಳಿದೆ.”